ರೋಮ್ ಕೊಟ್ಟ 106 ಉತ್ತರ, ಕೊಡದೇ ಹೋದ ಒಬ್ಬ ಆರ್ಚ್‌ಬಿಷಪ್: ಬಲ್ಗೇರಿಯದ ಪ್ರಕರಣ

ಯುರೋಪ್ ಪೂರ್ವ, ಪಶ್ಚಿಮ ಅಂತ ಎರಡಾಗಿದ್ದು ಯಾವಾಗ ಎಂದು ಕೇಳಿದರೆ ಮೂರು ಇಸವಿಗಳು ತಟ್ಟನೆ ಬಾಯಿಗೆ ಬರುತ್ತವೆ. 395ರಲ್ಲಿ ಥಿಯೋಡೋಸಿಯಸ್ ಸತ್ತ, ಸಾಮ್ರಾಜ್ಯ ಅವನ ಇಬ್ಬರು ಮಕ್ಕಳಿಗೆ ಪಾಲಾಯಿತು. 476ರಲ್ಲಿ ಪಶ್ಚಿಮದ ಚಕ್ರವರ್ತಿಯಾಗಿದ್ದ ಹುಡುಗ ರೋಮ್ಯುಲಸ್ ಅಗಸ್ಟುಲಸ್‌ನನ್ನು ಗಾದಿಯಿಂದ ಇಳಿಸಿದರು. 1054ರಲ್ಲಿ ಪೋಪನ ದೂತರು ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ (ಅಲ್ಲಿನ ಚರ್ಚಿನ ಮುಖ್ಯಸ್ಥ) ಒಬ್ಬರನ್ನೊಬ್ಬರು ಚರ್ಚಿನಿಂದ ಬಹಿಷ್ಕರಿಸಿದರು. ಪರೀಕ್ಷೆ ಬರೆಯೋಕೆ ಇಷ್ಟು ಸಾಕು.

ಆದರೆ ಈ ಮೂರು ಇಸವಿಗಳನ್ನು ಹಿಡಿದುಕೊಂಡು ನಕ್ಷೆಯ ಮುಂದೆ ಕೂತರೆ ಲೆಕ್ಕ ಕೂಡಿಬರುವುದಿಲ್ಲ. ಪೋಲೆಂಡ್ ರೋಮನ್ನರ ಕೈಯಲ್ಲಿ ಎಂದೂ ಇರಲಿಲ್ಲ, ರಷ್ಯಾ ಅಂತೂ ಬಲು ದೂರ. ಆದರೂ ಒಂದು ರೋಮಿನ ಚರ್ಚಿಗೆ ಹೋಯಿತು, ಇನ್ನೊಂದು ಕಾನ್‌ಸ್ಟಾಂಟಿನೋಪಲ್ ಕಡೆಗೆ ಹೋಯಿತು. ರೊಮೇನಿಯದವರ ಮಾತು ಲ್ಯಾಟಿನ್‌ನಿಂದ ಬಂದದ್ದು, ಚರ್ಚು ಮಾತ್ರ ಪೂರ್ವದ್ದು, 19ನೇ ಶತಮಾನದವರೆಗೂ ಅವರು ಬರೆಯುತ್ತಿದ್ದುದು ಸಿರಿಲಿಕ್ ಲಿಪಿಯಲ್ಲಿ. ಅಂದರೆ ರೋಮ್ ಎಳೆದ ಗೆರೆಯೇ ಹಾಗೇ ಉಳಿದುಕೊಂಡು ಬಂತು ಅನ್ನುವ ಹಾಗಿಲ್ಲ. ಆಮೇಲೆ ಯಾರೋ ಕೂತು ಮತ್ತೆ ಎಳೆದಿದ್ದಾರೆ, ಕೆಲವು ಕಡೆ ಅಳಿಸಿ ಎಳೆದಿದ್ದಾರೆ.

ಹಾಗೆ ಎಳೆದದ್ದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ದಾಖಲಾಗಿರುವ ಪ್ರಕರಣ ಒಂದಿದೆ. ಬಲ್ಗೇರಿಯ, 864ರಿಂದ 893ರವರೆಗೆ, ಸುಮಾರು ಮೂವತ್ತು ವರ್ಷ. ಒಬ್ಬ ರಾಜ, ಇಬ್ಬರು ಪೇಟ್ರಿಯಾರ್ಕರು, ನಾಲ್ಕೈದು ಪೋಪರು. ನನ್ನ ಪ್ರಕಾರ ಇಲ್ಲಿ ಗೆರೆ ಎಲ್ಲಿ ಬೀಳಬೇಕು ಎಂದು ತೀರ್ಮಾನ ಮಾಡಿದ್ದು ದೇವತಾಶಾಸ್ತ್ರದ ವಾದಕ್ಕಿಂತ ಜಾಸ್ತಿ ಒಂದು ನೇಮಕಾತಿಯ ಜಗಳ. ತನ್ನ ನಾಡಿಗೆ ತನ್ನದೇ ಆರ್ಚ್‌ಬಿಷಪ್, ಅಂದರೆ ಬಿಷಪ್‌ಗಳಿಗೆಲ್ಲ ಮೇಲಿನವನು, ಬೇಕು ಎಂದು ರಾಜ ಕೇಳಿದ. ಒಬ್ಬರು ಸತಾಯಿಸಿದರು. ಇನ್ನೊಬ್ಬರು ಕೊಟ್ಟರು.

ಮೊದಲು ನೆಲದ ಸ್ಥಿತಿ

ಬಲ್ಗರ್‌ಗಳು ಹುಲ್ಲುಗಾವಲಿನಿಂದ ಕುದುರೆ ಏರಿ ಬಂದ ಜನ. 680ರ ಹೊತ್ತಿಗೆ ಡ್ಯಾನ್ಯೂಬ್ ದಾಟಿ ಬೈಜಾಂಟಿಯಂನ (ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ) ನೆಲದಲ್ಲಿ ಬೀಡುಬಿಟ್ಟರು, 681ರಲ್ಲಿ ಚಕ್ರವರ್ತಿಯೇ ಅವರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಲ್ಲಿ ಅದಕ್ಕೂ ಮುಂಚೆಯೇ ಸ್ಲಾವರು ನೆಲೆಸಿದ್ದರು. ಆಳುವವರು ಬಲ್ಗರ್‌ಗಳು, ಉಳುವವರು ಬಹುಪಾಲು ಸ್ಲಾವರು. ಎರಡು ಭಾಷೆ, ಎರಡು ಬಗೆಯ ದೇವರು. ಈ ಬಲ್ಗರ್‌ಗಳು ಸುಮ್ಮನೆ ಗಡಿಯಲ್ಲಿ ಕೂತಿದ್ದವರಲ್ಲ. 811ರಲ್ಲಿ ಅವರ ಖಾನ್ ಕ್ರುಮ್, ಚಕ್ರವರ್ತಿ ಒಂದನೇ ನಿಕಿಫೊರಸ್‌ನನ್ನು ಯುದ್ಧದಲ್ಲಿ ಕೊಂದು, ಅವನ ತಲೆಬುರುಡೆಗೆ ಬೆಳ್ಳಿ ಕಟ್ಟಿಸಿ ಮದ್ಯ ಕುಡಿಯುವ ಬಟ್ಟಲು ಮಾಡಿಕೊಂಡ ಎಂದು ಬೈಜಾಂಟಿಯಂನ ಇತಿಹಾಸಕಾರರೇ ಬರೆದಿದ್ದಾರೆ. ಆದರೆ ಇದೇ ಬಲ್ಗರ್ ಖಾನ್‌ಗಳು ಕಲ್ಲಿನ ಮೇಲೆ ಶಾಸನ ಕೆತ್ತಿಸುವಾಗ ಬಳಸುತ್ತಿದ್ದುದು ಗ್ರೀಕ್ ಭಾಷೆ. ಬರವಣಿಗೆ ಬೇಕೆಂದರೆ ಕೈಗೆ ಸಿಗುತ್ತಿದ್ದುದು ಅದೊಂದೇ.

ಇನ್ನೊಂದು ಹಳೇ ವ್ಯಾಜ್ಯ ಈ ನೆಲದ ಮೇಲಿತ್ತು, ಅದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಬಾಲ್ಕನ್‌ನ ದೊಡ್ಡ ಭಾಗ ರೋಮನ್ನರ ಕಾಲದಲ್ಲಿ ಇಲ್ಲಿರಿಕಂ ಎಂಬ ಆಡಳಿತ ವಿಭಾಗ. ಪಾಲಾದಾಗ ಅದರ ಪೂರ್ವಾರ್ಧ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗೆ ಸೇರಿತು, ಆದರೆ ಅಲ್ಲಿನ ಬಿಷಪ್‌ಗಳು ಮಾತ್ರ ರೋಮಿನ ಪೋಪನ ಕೆಳಗೇ ಉಳಿದರು. ಕಂದಾಯ ಪೂರ್ವಕ್ಕೆ, ಚರ್ಚು ಪಶ್ಚಿಮಕ್ಕೆ. 8ನೇ ಶತಮಾನದಲ್ಲಿ ಪೂಜೆಯ ಚಿತ್ರಗಳ ವಿಷಯಕ್ಕೆ ಪೋಪನಿಗೂ ಚಕ್ರವರ್ತಿಗೂ ಜಗಳ ಹತ್ತಿದಾಗ, ಚಕ್ರವರ್ತಿ ಈ ಬಿಷಪ್‌ಗಳನ್ನೆಲ್ಲ ಪೋಪನ ಕೈಯಿಂದ ಕಿತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕನ ಕೆಳಗೆ ಹಾಕಿಬಿಟ್ಟ. ರೋಮ್ ಅದನ್ನು ಮರೆಯಲಿಲ್ಲ. 858ರಲ್ಲಿ ಪೋಪ್ ಆದ ಒಂದನೇ ನಿಕೋಲಸ್, 860ರಲ್ಲಿ ಚಕ್ರವರ್ತಿ ಮೂರನೇ ಮೈಕೆಲ್‌ಗೆ ಪತ್ರ ಬರೆದು ಇಲ್ಲಿರಿಕಂ ವಾಪಸ್ ಕೊಡಿ ಎಂದು ಕೇಳಿದ್ದ. ಬಲ್ಗೇರಿಯದ ಒಂದಷ್ಟು ಭಾಗ ಈ ವ್ಯಾಜ್ಯದ ನೆಲದಲ್ಲೇ ಇತ್ತು.

ಇದರ ನಡುವೆ 852ರಲ್ಲಿ ಬೋರಿಸ್ ಗಾದಿಗೆ ಬಂದ.

ಹೊಟ್ಟೆಗಿಲ್ಲದ ವರ್ಷದಲ್ಲಿ ದೀಕ್ಷಾಸ್ನಾನ

ಬೋರಿಸ್‌ಗೆ ಕ್ರೈಸ್ತ ಧರ್ಮ ಬೇಕಿತ್ತು, ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ಸುತ್ತಲಿನ ದೊಡ್ಡ ರಾಜ್ಯಗಳೆಲ್ಲ ಕ್ರೈಸ್ತ ರಾಜ್ಯಗಳು. ಒಳಗೆ ಬಲ್ಗರ್‌ಗಳನ್ನೂ ಸ್ಲಾವರನ್ನೂ ಒಂದೇ ಜನ ಮಾಡಬಲ್ಲ ಇನ್ನೊಂದು ದಾರಿ ಅವನಿಗೆ ಕಾಣಲಿಲ್ಲ. ಆದರೆ ಯಾರ ಕೈಯಿಂದ ತಗೊಳ್ಳಬೇಕು ಎನ್ನುವುದು ಪ್ರಶ್ನೆ. ಅವನು ಮೊದಲು ತಿರುಗಿದ್ದು ಪಶ್ಚಿಮದ ಕಡೆಗೇ. ಪೂರ್ವ ಫ್ರಾಂಕರ ರಾಜ ಜರ್ಮನ್ ಲೂಯಿಯ ಜೊತೆ ಮೈತ್ರಿ ಮಾಡಿಕೊಂಡ, ಕ್ರೈಸ್ತನಾಗುವ ಮಾತೂ ಕೊಟ್ಟ.

ಇಬ್ಬರ ನಡುವೆ ಸಿಕ್ಕಿಕೊಂಡದ್ದು ಮೊರಾವಿಯ, ಈಗಿನ ಚೆಕ್ ಮತ್ತು ಸ್ಲೊವಾಕಿಯ ಇರುವ ಕಡೆ. ಅಲ್ಲಿನ ರಾಜ ರಾಸ್ತಿಸ್ಲಾವ್‌ಗೆ ಫ್ರಾಂಕರ ಪಾದ್ರಿಗಳು ಬೇಡವಾಗಿ, ಅವನು ಕಾನ್‌ಸ್ಟಾಂಟಿನೋಪಲ್‌ಗೆ ಹೇಳಿಕಳಿಸಿ ಸ್ಲಾವ್ ಭಾಷೆ ಬಲ್ಲ ಬೋಧಕರನ್ನು ಕೇಳಿದ. ಥೆಸಲೊನಿಕಿಯ ಅಣ್ಣತಮ್ಮಂದಿರು ಮೆಥೋಡಿಯಸ್ ಮತ್ತು ಸಿರಿಲ್ 863ರಲ್ಲಿ ಅಲ್ಲಿಗೆ ಹೋದರು, ಸ್ಲಾವ್ ಭಾಷೆಗೆಂದೇ ಹೊಸದಾಗಿ ಕಟ್ಟಿದ ಲಿಪಿಯನ್ನೂ ಒಯ್ದರು. ಪಶ್ಚಿಮದ ಪಕ್ಕದ ಮೊರಾವಿಯ ಪೂರ್ವಕ್ಕೆ ಕೈ ಚಾಚಿತ್ತು, ಪೂರ್ವದ ಪಕ್ಕದ ಬಲ್ಗೇರಿಯ ಪಶ್ಚಿಮಕ್ಕೆ ಕೈ ಚಾಚಿತ್ತು! ಪಕ್ಕದ ಮನೆಯವನು ಹತ್ತಿರ ಇದ್ದಷ್ಟೂ ಭಯ ಜಾಸ್ತಿ ಅಲ್ವಾ. ಇಬ್ಬರೂ ದೂರದವನನ್ನು ಹುಡುಕಿಕೊಂಡರು. ಆದರೆ ಕೊನೆಗೆ ಮೊರಾವಿಯ ಪಶ್ಚಿಮಕ್ಕೆ ಹೋಯಿತು, ಬಲ್ಗೇರಿಯ ಪೂರ್ವಕ್ಕೆ ಬಂತು.

ಬೋರಿಸ್‌ನ ಪಾಲಿಗೆ ಆ ವರ್ಷ ಕೆಟ್ಟದಾಗಿತ್ತು. ನಾಡಿನಲ್ಲಿ ಬರ ಬಿದ್ದು ಜನ ಹಸಿದಿದ್ದರು, ಸೈನ್ಯ ದೂರದಲ್ಲಿತ್ತು. ಅಂಥ ಹೊತ್ತಲ್ಲಿ ಬೈಜಾಂಟಿಯಂ ಭೂಸೇನೆಯನ್ನು ಗಡಿಗೆ ತಂದು, ಕಪ್ಪು ಸಮುದ್ರದ ಕರಾವಳಿಗೆ ಹಡಗುಗಳನ್ನು ಕಳಿಸಿತು. ಫ್ರಾಂಕರ ಪಾದ್ರಿಗಳು, ಅವರ ಹಿಂದೆ ಫ್ರಾಂಕರ ಪ್ರಭಾವ ತನ್ನ ರಾಜಧಾನಿಯ ಹಿತ್ತಲಿಗೇ ಬಂದು ಕೂರುವುದನ್ನು ಯಾವ ಚಕ್ರವರ್ತಿ ತಾನೇ ನೋಡುತ್ತಾ ಕೂರುತ್ತಾನೆ? ಬೋರಿಸ್ ಹೋರಾಡಲಿಲ್ಲ. 864ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನಿಂದಲೇ ದೀಕ್ಷಾಸ್ನಾನ ಪಡೆದ. ಚಕ್ರವರ್ತಿ ಮೈಕೆಲ್ ಅವನ ಧರ್ಮಪಿತನಾದ, ಹಾಗಾಗಿ ಬೋರಿಸ್‌ನ ಹೊಸ ಹೆಸರೂ ಮೈಕೆಲ್. ಪ್ರತಿಯಾಗಿ ಗಡಿಯ ಝಾಗೊರಾ ಎಂಬ ಪಟ್ಟಿ ಅವನಿಗೆ ಸಿಕ್ಕಿತು.

ಬಲ್ಗರ್ ಸರದಾರರಿಗೆ ಇದು ಸರಿಬರಲಿಲ್ಲ. ರಾಜ ಕೆಟ್ಟ ಕಾನೂನು ತಂದ ಎಂದು ದಂಗೆ ಎದ್ದರು. ಬೋರಿಸ್ ದಂಗೆ ಹತ್ತಿಕ್ಕಿ 52 ಸರದಾರರನ್ನು ಕೊಲ್ಲಿಸಿದ, ಅವರ ಹೆಂಡತಿ ಮಕ್ಕಳ ಸಮೇತ. ಸಂತನೆಂದು ಇವತ್ತು ಪೂಜಿಸುವ ಮನುಷ್ಯ ಇವನೇ, ನೆನಪಿರಲಿ.

ಇಷ್ಟೆಲ್ಲ ರಕ್ತ ಹರಿಸಿ ತಂದ ಧರ್ಮದಿಂದ ಅವನಿಗೆ ಸಿಕ್ಕಿದ್ದೇನು? ಗ್ರೀಕ್ ಪಾದ್ರಿಗಳು ನಾಡು ತುಂಬ ಬಂದರು, ಗ್ರೀಕ್‌ನಲ್ಲಿ ಪೂಜೆ ನಡೆಸಿದರು. ಪೇಟ್ರಿಯಾರ್ಕ್ ಫೋಟಿಯಸ್, ಆ ಕಾಲದ ಮಹಾ ಪಂಡಿತ, ಬೋರಿಸ್‌ಗೆ ಒಂದು ಉದ್ದನೆಯ ಪತ್ರ ಬರೆದ. ಚರ್ಚಿನ ಮಹಾಸಭೆಗಳ ಇತಿಹಾಸ, ಒಳ್ಳೆಯ ರಾಜ ಹೇಗಿರಬೇಕು ಎಂಬ ಉಪದೇಶ, ಎಲ್ಲ ಇದೆ ಅದರಲ್ಲಿ, ಓದಿದರೆ ತಲೆದೂಗಬೇಕು. ಆದರೆ ನಿನ್ನ ನಾಡಿಗೆ ನಿನ್ನದೇ ಬಿಷಪ್ ಕೊಡುತ್ತೇವೆ ಎಂಬ ಒಂದು ಸಾಲು ಇಲ್ಲ. ಬೋರಿಸ್‌ಗೆ ಬೇಕಾಗಿದ್ದ ಸಾಲು ಅದೊಂದೇ. ತನ್ನ ಚರ್ಚನ್ನು ಇನ್ನೊಬ್ಬ ದೊರೆಯ ರಾಜಧಾನಿಯಿಂದ ನಡೆಸಿದರೆ, ತಾನು ಆ ದೊರೆಯ ಅಧಿಕಾರಿಯಾಗುತ್ತೇನೆ ಎನ್ನುವುದು ಅವನಿಗೆ ಅರ್ಥವಾಗಿತ್ತು.

ಚಡ್ಡಿ, ಸ್ನಾನ, ಕುದುರೆ ಬಾಲ

866ರಲ್ಲಿ ಬೋರಿಸ್ ಎರಡು ಕಡೆ ದೂತರನ್ನು ಕಳಿಸಿದ. ಒಂದು ಗುಂಪು ಜರ್ಮನ್ ಲೂಯಿಯ ಹತ್ತಿರ, ಇನ್ನೊಂದು ರೋಮಿಗೆ. ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಬೆಲೆ ವಿಚಾರಿಸುವವನ ಹಾಗೆ. ರೋಮಿಗೆ ಹೋದವರು ಉಡುಗೊರೆಗಳನ್ನು ಒಯ್ದಿದ್ದರು, ಅದರಲ್ಲಿ ದಂಗೆ ಅಡಗಿಸಿದ ದಿನ ಬೋರಿಸ್ ತೊಟ್ಟಿದ್ದ ಆಯುಧಗಳೂ ಇದ್ದವು. ಇಟಲಿಯಲ್ಲಿದ್ದ ಫ್ರಾಂಕರ ಚಕ್ರವರ್ತಿ ಎರಡನೇ ಲೂಯಿ (ಇವನು ಬೇರೆ ಲೂಯಿ) ಈ ಸುದ್ದಿ ಕೇಳಿ ಅವನ್ನೆಲ್ಲ ನನಗೆ ಕಳಿಸಿ ಎಂದು ಪೋಪನಿಗೆ ಹೇಳಿಕಳಿಸಿದ. ಪೋಪ್ ಒಂದಷ್ಟು ಕಳಿಸಿ, ಉಳಿದದ್ದಕ್ಕೆ ನೆಪ ಹೇಳಿದ.

ಉಡುಗೊರೆಯ ಜೊತೆ ಪ್ರಶ್ನೆಗಳ ಒಂದು ದೊಡ್ಡ ಪಟ್ಟಿಯೂ ಇತ್ತು. ಆ ಪಟ್ಟಿ ಉಳಿದಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ನಿಕೋಲಸ್ ಕಳಿಸಿದ ಉತ್ತರ ಉಳಿದಿದೆ, 106 ಅಧ್ಯಾಯ. ಉತ್ತರ ಓದಿದರೆ ಪ್ರಶ್ನೆ ಏನಿತ್ತು ಎಂದು ಹೊಳೆಯುತ್ತದೆ, ಜೊತೆಗೆ ಹೊಸದಾಗಿ ಕ್ರೈಸ್ತರಾದ ಒಂದು ನಾಡಿನ ತಲೆಯೊಳಗೆ ಏನು ಓಡುತ್ತಿತ್ತು ಎನ್ನುವುದೂ.

ಬುಧವಾರ, ಶುಕ್ರವಾರ ಸ್ನಾನ ಮಾಡಬಾರದು ಅಂತ ಗ್ರೀಕರು ಹೇಳುತ್ತಾರೆ, ಹೌದಾ? ಮಾಡಬಹುದು ಎಂದ ಪೋಪ್. ಸೊಂಟಕ್ಕೆ ಪಟ್ಟಿ ಕಟ್ಟದೆ ಪ್ರಸಾದ ತಗೊಳ್ಳಬಾರದು ಅಂತಾರಲ್ಲ? ಹಾಗೇನಿಲ್ಲ. ನಪುಂಸಕ ಕೊಯ್ದ ಪ್ರಾಣಿಯ ಮಾಂಸ ತಿನ್ನಬಾರದಂತೆ? ಇದು ಪೋಪನಿಗೇ ವಿಚಿತ್ರ ಅನಿಸಿತು. ಚಡ್ಡಿ ತೊಡಬಹುದಾ? ಕುದುರೆ ಸವಾರಿಯ ಜನ, ಗಂಡಸರೂ ಹೆಂಗಸರೂ ತೊಡುತ್ತಿದ್ದ ಉಡುಪು ಅದು. ತೊಡಿ, ಬಿಡಿ, ನಿಮ್ಮಿಷ್ಟ, ಅದಕ್ಕೂ ಮೋಕ್ಷಕ್ಕೂ ಸಂಬಂಧವಿಲ್ಲ ಎಂಬರ್ಥದ ಉತ್ತರ ಬಂತು. ಯುದ್ಧಕ್ಕೆ ಹೋಗುವಾಗ ನಾವು ಕುದುರೆಯ ಬಾಲವನ್ನು ಬಾವುಟವಾಗಿ ಹಿಡಿಯುತ್ತೇವೆ, ಈಗೇನು ಹಿಡಿಯಬೇಕು? ಶಿಲುಬೆ. ಕತ್ತಿಯ ಮೇಲೆ ಆಣೆ ಇಡುತ್ತಿದ್ದೆವು, ಇನ್ನು ಮುಂದೆ? ಸುವಾರ್ತೆಯ ಮೇಲೆ. ನಮ್ಮ ರಾಜ ಒಬ್ಬನೇ ಮೇಜಿನ ಮುಂದೆ ಕೂತು ಉಣ್ಣುತ್ತಾನೆ, ಹೆಂಡತಿಯೂ ಜೊತೆಗೆ ಕೂರುವ ಹಾಗಿಲ್ಲ. ಅದಕ್ಕೆ ಪೋಪ್, ಇದು ಧರ್ಮಕ್ಕೆ ವಿರುದ್ಧವಲ್ಲ, ಆದರೆ ಒಳ್ಳೆಯ ನಡತೆ ಅಲ್ಲ ಎಂದು ಬುದ್ಧಿ ಹೇಳಿದ.

ಎಲ್ಲವೂ ಹೀಗೆ ಹಗುರವಲ್ಲ. ಕಳ್ಳನನ್ನು ಹಿಡಿದು ಒಪ್ಪಿಕೊಳ್ಳುವವರೆಗೂ ಹೊಡೆಯುತ್ತೇವೆ ಎಂಬುದಕ್ಕೆ ಪೋಪ್ ಕೊಟ್ಟ ಉತ್ತರ ಇವತ್ತಿಗೂ ಓದುವಂತಿದೆ. ತಪ್ಪೊಪ್ಪಿಗೆ ತಾನಾಗಿ ಬರಬೇಕು, ಹೊಡೆತಕ್ಕೆ ಬರಬಾರದು, ತಪ್ಪೇ ಮಾಡದವನು ನೋವು ತಾಳಲಾರದೆ ಒಪ್ಪಿಕೊಂಡರೆ ಆ ಪಾಪ ಯಾರದು ಎನ್ನುತ್ತಾನೆ. ದಂಗೆಕೋರರ ಮಕ್ಕಳನ್ನು ಕೊಂದದ್ದು ಪಾಪ ಎಂದೂ ನೇರವಾಗಿ ಹೇಳುತ್ತಾನೆ.

ಒಂದೊಂದು ಪ್ರಶ್ನೆಯ ಹಿಂದೆಯೂ ಗ್ರೀಕ್ ಪಾದ್ರಿಗಳ ಮೇಲಿನ ಸಿಟ್ಟು ಕಾಣುತ್ತದೆ. ಅವರು ತಮ್ಮ ಊರಿನ ರೂಢಿಗಳನ್ನೆಲ್ಲ ದೇವರ ಆಜ್ಞೆ ಎಂದು ಹೇರುತ್ತಿದ್ದರು. ರೋಮ್ ಇಲ್ಲಿ ಜಾಣತನ ತೋರಿಸಿತು. ನಂಬಿಕೆ ಬೇರೆ, ರೂಢಿ ಬೇರೆ, ರೂಢಿಯನ್ನು ಆದಷ್ಟು ಹಾಗೇ ಬಿಡಿ ಎಂಬ ದಾರಿ ಹಿಡಿಯಿತು. ಆಮೇಲೆ ಪಶ್ಚಿಮದ ಚರ್ಚು ಎಲ್ಲರ ಮೇಲೂ ಒಂದೇ ಲ್ಯಾಟಿನ್ ಹೇರಿತು ಎಂಬ ಚಿತ್ರ ನಮ್ಮ ತಲೆಯಲ್ಲಿರುತ್ತದಲ್ಲ, ಈ ಪತ್ರದಲ್ಲಿ ಕಾಣುವ ರೋಮ್ ಹಾಗಿಲ್ಲ.

ಈ ಪಟ್ಟಿಯ ನಡುವೆ ನಿಜವಾದ ಪ್ರಶ್ನೆ ಕೂತಿದೆ: ನಮಗೆ ನಮ್ಮದೇ ಪೇಟ್ರಿಯಾರ್ಕ್ ಸಿಗುತ್ತಾನಾ? ನಿಕೋಲಸ್ ಜಾರಿಕೊಂಡ. ಈಗ ಬಿಷಪ್ ತಗೊಳ್ಳಿ, ಚರ್ಚು ಬೆಳೆದ ಮೇಲೆ ಆರ್ಚ್‌ಬಿಷಪ್ ನೋಡೋಣ. ಜೊತೆಗೆ ಒಂದು ಗುದ್ದು: ಕಾನ್‌ಸ್ಟಾಂಟಿನೋಪಲ್‌ನ ಗಾದಿಯನ್ನು ಯಾವ ಅಪೊಸ್ತಲನೂ ಸ್ಥಾಪಿಸಿದ್ದಲ್ಲ, ಹಾಗಾಗಿ ಅದು ರೋಮ್, ಅಲೆಕ್ಸಾಂಡ್ರಿಯ, ಅಂತಿಯೋಕ್‌ಗಳ ಸಾಲಿನದಲ್ಲ.

ಬೇಕಾದವನನ್ನು ಕೊಡಲಿಲ್ಲ

ಉತ್ತರ ಹೊತ್ತು ಬಂದವರು ಇಬ್ಬರು ಬಿಷಪ್‌ಗಳು, ಪೋರ್ಟೋದ ಫಾರ್ಮೋಸಸ್ ಮತ್ತು ಪೊಪುಲೋನಿಯದ ಪಾಲ್. ಬೋರಿಸ್‌ಗೆ ಖುಷಿಯೋ ಖುಷಿ. ಗ್ರೀಕ್ ಪಾದ್ರಿಗಳನ್ನು ಗಡಿ ದಾಟಿಸಿದ. ತನ್ನ ಕೂದಲನ್ನು ಹಿಡಿದುಕೊಂಡು ನಾನಿನ್ನು ಸಂತ ಪೀಟರ್‌ನ ಆಳು ಎಂದು ಆಣೆ ಮಾಡಿದ ಎಂದು ರೋಮಿನ ಗ್ರಂಥಪಾಲಕ ಅನಸ್ತಾಸಿಯಸ್ ಬರೆದಿಟ್ಟಿದ್ದಾನೆ. 867ರಲ್ಲಿ ಜರ್ಮನ್ ಲೂಯಿ ಕಳಿಸಿದ ಪಸ್ಸಾವ್‌ನ ಬಿಷಪ್ ಎರ್ಮನ್‌ರಿಖ್ ತನ್ನ ಪಾದ್ರಿಗಳ ದಂಡಿನೊಂದಿಗೆ ಬಂದು ನೋಡಿದರೆ, ರೋಮಿನವರು ಆಗಲೇ ಊರು ತುಂಬ ಇದ್ದರು. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೋದ.

ಕಾನ್‌ಸ್ಟಾಂಟಿನೋಪಲ್ ಕೆಂಡವಾಯಿತು. 867ರಲ್ಲಿ ಫೋಟಿಯಸ್ ಪೂರ್ವದ ಉಳಿದ ಪೇಟ್ರಿಯಾರ್ಕರಿಗೆ ಸುತ್ತೋಲೆ ಕಳಿಸಿದ. ಪಶ್ಚಿಮದಿಂದ ಬಂದವರು ನಮ್ಮ ಹೊಸ ಬೆಳೆಯನ್ನು ಹಾಳುಮಾಡುತ್ತಿದ್ದಾರೆ ಎಂಬ ದೂರು. ಶನಿವಾರ ಉಪವಾಸ ಮಾಡಿಸುತ್ತಾರೆ. ದೊಡ್ಡ ಉಪವಾಸದ ಮೊದಲ ವಾರದಲ್ಲಿ ಹಾಲು, ಗಿಣ್ಣು ತಿನ್ನಲು ಬಿಡುತ್ತಾರೆ. ಮದುವೆಯಾದ ಪಾದ್ರಿಗಳನ್ನು ಕೀಳಾಗಿ ನೋಡುತ್ತಾರೆ. ನಮ್ಮ ಪಾದ್ರಿಗಳು ಎಣ್ಣೆ ಹಚ್ಚಿ ದೃಢೀಕರಿಸಿದವರಿಗೆ ಮತ್ತೆ ಎಣ್ಣೆ ಹಚ್ಚುತ್ತಾರೆ. ಕೊನೆಗೆ ದೊಡ್ಡದು: ಪವಿತ್ರಾತ್ಮ ತಂದೆಯಿಂದ ಮಾತ್ರವಲ್ಲ ಮಗನಿಂದಲೂ ಹೊರಡುತ್ತದೆ ಎಂದು ನಂಬಿಕೆಯ ವಾಕ್ಯಕ್ಕೇ ಸೇರ್ಪಡೆ ಮಾಡುತ್ತಾರೆ. 1054ರ ಜಗಳದಲ್ಲೂ ಆಮೇಲಿನ ಜಗಳಗಳಲ್ಲೂ ಮತ್ತೆ ಮತ್ತೆ ತಲೆಯೆತ್ತುವ ಆರೋಪಗಳಲ್ಲಿ ಹಲವು ಇಲ್ಲಿವೆ, ಮತ್ತು ಅವನ್ನು ಒಟ್ಟುಗೂಡಿಸಿ ಬರೆಯುವ ಅಗತ್ಯ ಬಿದ್ದದ್ದು ಬಲ್ಗೇರಿಯಕ್ಕಾಗಿ. ಫ್ರಾಂಕರ ನಾಡಿನಲ್ಲಿ ಆ ಸೇರ್ಪಡೆ ಬಹಳ ದಿನದಿಂದ ಹಾಡಿನಲ್ಲಿತ್ತು. ಪೂರ್ವದವರು ಅದನ್ನು ದೊಡ್ಡ ಕಲಹದ ವಿಷಯ ಮಾಡಿದ್ದು ಅದು ತಮ್ಮ ಬಾಗಿಲಿಗೆ ಬಂದಾಗ. ಅದೇ ವರ್ಷ ಕಾನ್‌ಸ್ಟಾಂಟಿನೋಪಲ್‌ನ ಸಭೆಯೊಂದು ಪೋಪ್ ನಿಕೋಲಸ್‌ನನ್ನು ಬಹಿಷ್ಕರಿಸಿತು. ಸುದ್ದಿ ತಲುಪುವ ಮೊದಲೇ, ನವೆಂಬರ್ 13ರಂದು, ನಿಕೋಲಸ್ ತೀರಿಕೊಂಡ.

ಈಗ ಗೆಲುವು ರೋಮಿನದೇ ಆಗಬೇಕಿತ್ತು. ಪಾದ್ರಿಗಳು ಒಳಗಿದ್ದರು, ರಾಜ ಆಣೆ ಇಟ್ಟಿದ್ದ, ಎದುರಾಳಿ ಫೋಟಿಯಸ್ ಕೂಡ ಪದವಿ ಕಳೆದುಕೊಂಡಿದ್ದ. 867ರ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಮೈಕೆಲ್‌ನನ್ನು ಕೊಲ್ಲಿಸಿ ಗಾದಿಯೇರಿದ ಬೆಸಿಲ್, ಫೋಟಿಯಸ್‌ಗಿಂತ ಮುಂಚೆ ಆ ಗಾದಿಯಲ್ಲಿದ್ದ, ರೋಮಿಗೆ ಬೇಕಾಗಿದ್ದ ಇಗ್ನೇಷಿಯಸ್‌ನನ್ನು ಮತ್ತೆ ಪೇಟ್ರಿಯಾರ್ಕ್ ಮಾಡಿದ್ದ.

ರೋಮ್ ಎಡವಿದ್ದು ಇಲ್ಲಿ. ಬೋರಿಸ್‌ಗೆ ಫಾರ್ಮೋಸಸ್ ಹಿಡಿಸಿದ್ದ, ಇವನನ್ನೇ ನಮ್ಮ ಆರ್ಚ್‌ಬಿಷಪ್ ಮಾಡಿ ಎಂದು ಕೇಳಿದ. ಆಗಲ್ಲ ಎಂದ ನಿಕೋಲಸ್. ಒಂದು ಊರಿನ ಬಿಷಪ್ ಆದವನು ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಹಾಗಿಲ್ಲ, ಹಳೆಯ ನಿಯಮ. ಮುಂದಿನ ಪೋಪ್ ಎರಡನೇ ಹೇಡ್ರಿಯನ್ ಕೂಡ ಅದನ್ನೇ ಹೇಳಿದ. ಸರಿ, ಹಾಗಾದರೆ ನಿಮ್ಮ ಡೀಕನ್ (ಪಾದ್ರಿಗಿಂತ ಕೆಳಗಿನ ಹುದ್ದೆ) ಮರಿನಸ್‌ನನ್ನು ಕೊಡಿ ಎಂದ ಬೋರಿಸ್. ಅವನಿಗೆ ಬೇರೆ ಕೆಲಸ ವಹಿಸಿದ್ದೇವೆ ಎಂದರು. ಅವನ ಬದಲು ಸಿಲ್ವೆಸ್ಟರ್ ಎಂಬ ಸಣ್ಣ ಹುದ್ದೆಯವನನ್ನು ಕಳಿಸಿದರು. ಬೋರಿಸ್ ಅವನನ್ನು ವಾಪಸ್ ಕಳಿಸಿಬಿಟ್ಟ. ಹೀಗೆ ಹೋಗಿಬರುವುದರಲ್ಲೇ ವರ್ಷಗಳು ಉರುಳಿದವು. ಬೋರಿಸ್‌ನ ರಾಜಧಾನಿ ಪ್ಲಿಸ್ಕಾದಿಂದ ರೋಮಿಗೆ ಎಷ್ಟು ದೂರ, ಒಂದು ಪತ್ರಕ್ಕೆ ಉತ್ತರ ಬರಲು ಎಷ್ಟು ತಿಂಗಳು, ಅದನ್ನೂ ಲೆಕ್ಕ ಹಾಕಿ.

ನನಗೆ ಇಲ್ಲಿ ರೋಮಿನ ಮೇಲೆ ಸಿಟ್ಟಿಗಿಂತ ಮರುಕ ಜಾಸ್ತಿ. ಅವರು ಮೋಸ ಮಾಡುತ್ತಿರಲಿಲ್ಲ. ನಿಯಮ ನಿಜವಾಗಿಯೂ ಇತ್ತು. ಪಶ್ಚಿಮದಲ್ಲಿ ರೋಮನ್ ಚಕ್ರವರ್ತಿಯ ಆಡಳಿತ ಕುಸಿದ ಮೇಲೆ ಪೋಪನ ಬಳಿ ಉಳಿದಿದ್ದ ಬಲವೇ ನಿಯಮ ಮತ್ತು ನೇಮಕದ ಹಕ್ಕು. ಸೈನ್ಯವಿಲ್ಲದವನು ಅದನ್ನೂ ಬಿಟ್ಟುಕೊಟ್ಟರೆ ಕೈಯಲ್ಲಿ ಏನು ಉಳಿಯುತ್ತದೆ? ಪೂರ್ವದಲ್ಲಿ ಹಾಗಲ್ಲ. ಅಲ್ಲಿ ಚಕ್ರವರ್ತಿ ಇದ್ದ, ಖಜಾನೆ ಇತ್ತು, ಹಡಗುಗಳಿದ್ದವು, ಚರ್ಚು ಅವನ ರಾಜಕಾರಣದ ಜೊತೆ ಹೆಜ್ಜೆ ಹಾಕುತ್ತಿತ್ತು. ಬೇಕಾದಾಗ ಪೇಟ್ರಿಯಾರ್ಕನನ್ನೇ ಬದಲಿಸಿ ರಾಜಿಗೆ ಕೂರುವುದು ಅವರಿಗೆ ಸಾಧ್ಯವಿತ್ತು. ರೋಮನ್ ಆಳ್ವಿಕೆ ಒಂದು ಕಡೆ ಮುಗಿದು, ಇನ್ನೊಂದು ಕಡೆ ಮುಂದುವರಿದದ್ದರ ಫಲ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಇನ್ನೊಂದು ಸಿಗುವುದು ಕಷ್ಟ.

ಫಾರ್ಮೋಸಸ್‌ನ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಬಲ್ಗೇರಿಯದ ಗಾದಿಗೆ ಆಸೆಪಟ್ಟ ಎಂಬುದು ಆಮೇಲೆ ಅವನ ಮೇಲೆ ಬಂದ ಆರೋಪಗಳಲ್ಲಿ ಒಂದಾಯಿತು. ಆದರೂ 891ರಲ್ಲಿ ಅವನೇ ಪೋಪ್ ಆದ, 896ರಲ್ಲಿ ಸತ್ತ. 897ರಲ್ಲಿ ಅವನ ಹೆಣವನ್ನು ಗೋರಿಯಿಂದ ತೆಗೆದು, ಪೋಪನ ಉಡುಪು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಮಾಡಿದರು. ಒಂದು ಗಾದಿ ಬಿಟ್ಟು ಇನ್ನೊಂದಕ್ಕೆ ಹೋದ ಎನ್ನುವುದೇ ಮುಖ್ಯ ಆರೋಪ.

ಯಾವ ಪಾದ್ರಿಗಳು ಇದ್ದರು?

869ರಿಂದ 870ರವರೆಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊಡ್ಡ ಸಭೆ ನಡೆಯಿತು. ರೋಮಿನ ದೂತರೂ ಬಂದಿದ್ದರು, ಫೋಟಿಯಸ್‌ನನ್ನು ಖಂಡಿಸಿದರು, ರೋಮಿಗೆ ಬೇಕಾದ ಹಾಗೇ ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಬೋರಿಸ್‌ನ ದೂತರು ಬಂದರು. ಸಭೆ ಮುಗಿದು ಮೂರ್ನಾಲ್ಕು ದಿನವಾಗಿತ್ತು ಅಷ್ಟೇ. ಚಕ್ರವರ್ತಿ ಬೆಸಿಲ್ ಎಲ್ಲರನ್ನೂ ಮತ್ತೆ ಕರೆದ. ಬಲ್ಗೇರಿಯದವರು ಒಂದೇ ಪ್ರಶ್ನೆ ಇಟ್ಟರು: ನಾವು ಯಾರ ಕೆಳಗೆ ಬರುತ್ತೇವೆ?

ರೋಮಿನವರು ನಮ್ಮ ಕೆಳಗೆ ಎಂದರು. ಪೂರ್ವದ ಪೇಟ್ರಿಯಾರ್ಕರ ಪ್ರತಿನಿಧಿಗಳು ಬಲ್ಗೇರಿಯದವರನ್ನು ತಿರುಗಿ ಕೇಳಿದರು: ನೀವು ಆ ನಾಡನ್ನು ಗೆದ್ದಾಗ ಅಲ್ಲಿ ಯಾವ ಪಾದ್ರಿಗಳಿದ್ದರು, ಗ್ರೀಕರೋ ಲ್ಯಾಟಿನರೋ? ಗ್ರೀಕರು ಎಂದರು ಬಲ್ಗೇರಿಯದವರು. ಹಾಗಾದರೆ ಅದು ಕಾನ್‌ಸ್ಟಾಂಟಿನೋಪಲ್‌ಗೆ ಸೇರಿದ್ದು. ರೋಮಿನವರು ಸುಮ್ಮನಿರಲಿಲ್ಲ. ಪಾದ್ರಿಗಳ ಭಾಷೆಗೂ ಅಧಿಕಾರಕ್ಕೂ ಏನು ಸಂಬಂಧ, ಎಪಿರಸ್, ಥೆಸಲಿ, ದಾರ್ದಾನಿಯ ಮೊದಲಿನಿಂದಲೂ ರೋಮಿನ ಚರ್ಚಿಗೆ ಸೇರಿದ್ದು ಎಂದು ವಾದಿಸಿದರು. ಎರಡೂ ಕಡೆಯವರು ಹಿಡಿದದ್ದು ಹಳೆಯ ರೋಮನ್ ನಕ್ಷೆಯನ್ನೇ, ಅವರವರಿಗೆ ಬೇಕಾದ ಕಾಲದ್ದು ಅಷ್ಟೇ. ತೀರ್ಮಾನ ಪೂರ್ವದ ಪರ ಬಂತು. ಬಲ್ಗೇರಿಯದಲ್ಲಿ ಕೈಹಾಕಬೇಡ ಎಂಬ ಪೋಪನ ತಡೆಪತ್ರವನ್ನು ಇಗ್ನೇಷಿಯಸ್ ಕೈಗೆ ಕೊಟ್ಟರೆ, ಅವನು ಆಮೇಲೆ ಓದುತ್ತೇನೆ ಎಂದು ಇಟ್ಟುಕೊಂಡ.

ರೋಮ್ ತನ್ನವನೆಂದು ನಂಬಿದ್ದ ಇಗ್ನೇಷಿಯಸ್ಸೇ ಬಲ್ಗೇರಿಯಕ್ಕೆ ಆರ್ಚ್‌ಬಿಷಪ್‌ನನ್ನು ನೇಮಿಸಿದ. ಅವನಿಗೂ ಫೋಟಿಯಸ್‌ಗೂ ಬದ್ಧ ವೈರ, ಆದರೆ ಈ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ದೂತರು ಊರಿಗೆ ಮರಳುವಾಗ ಏಡ್ರಿಯಾಟಿಕ್ ಸಮುದ್ರದಲ್ಲಿ ಸ್ಲಾವ್ ಕಡಲ್ಗಳ್ಳರ ಕೈಗೆ ಸಿಕ್ಕಿ ಸಭೆಯ ಕಡತಗಳನ್ನೂ ಕಳಕೊಂಡರು. ಬೇರೆ ದಾರಿಯಲ್ಲಿ ಬಂದ ಅನಸ್ತಾಸಿಯಸ್‌ನ ಬಳಿ ಒಂದು ಪ್ರತಿ ಇದ್ದುದರಿಂದ ರೋಮಿಗೆ ದಾಖಲೆ ಉಳಿಯಿತು. ಮುಂದಿನ ಪೋಪ್ ಎಂಟನೇ ಜಾನ್ ಬೋರಿಸ್‌ಗೆ ಪತ್ರದ ಮೇಲೆ ಪತ್ರ ಬರೆದ. 879-880ರ ಸಭೆಯಲ್ಲಿ ಕಾನ್‌ಸ್ಟಾಂಟಿನೋಪಲ್ ಕೂಡ ಬಿಟ್ಟುಕೊಡುವ ಮಾತಾಡಿತು. ಆದರೆ ಬೋರಿಸ್ ಕದಲಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು.

ಪೂರ್ವದ ಚರ್ಚು ಸರಿ, ಗ್ರೀಕ್ ಬೇಡ

ಇಷ್ಟಕ್ಕೇ ಮುಗಿದಿದ್ದರೆ ಬಲ್ಗೇರಿಯ ಮೆಲ್ಲಗೆ ಗ್ರೀಕ್ ನಾಡಾಗಿಬಿಡುತ್ತಿತ್ತೇನೋ. ತಿರುವು ಬಂದದ್ದು ಮೊರಾವಿಯದಿಂದ. 885ರ ಏಪ್ರಿಲ್‌ನಲ್ಲಿ ಮೆಥೋಡಿಯಸ್ ಸತ್ತ. ಪೋಪ್ ಐದನೇ ಸ್ಟೀಫನ್ ಸ್ಲಾವ್ ಭಾಷೆಯ ಪೂಜೆಯನ್ನು ನಿಷೇಧಿಸಿದ. ಮೆಥೋಡಿಯಸ್‌ನ ಶಿಷ್ಯರನ್ನು ಹಿಡಿದು ಜೈಲಿಗೆ ಹಾಕಿದರು, ಕೆಲವರನ್ನು ಗುಲಾಮರನ್ನಾಗಿ ಮಾರಿದರು, ಉಳಿದವರನ್ನು ಗಡಿ ದಾಟಿಸಿದರು. ಕ್ಲೆಮೆಂಟ್, ನೌಮ್, ಅಂಗೆಲಾರಿಯಸ್ ಎಂಬ ಮೂವರು ಮರದ ದಿಮ್ಮಿಗಳನ್ನು ಕಟ್ಟಿ ತೆಪ್ಪ ಮಾಡಿಕೊಂಡು ಡ್ಯಾನ್ಯೂಬ್ ದಾಟಿ ಬೆಲ್‌ಗ್ರೇಡ್ ಸೇರಿದರು. ಅದು ಆಗ ಬೋರಿಸ್‌ನ ಕೋಟೆ. ಅಲ್ಲಿನ ಅಧಿಕಾರಿ ಇವರ ಬೆಲೆ ಅರಿತು ನೇರವಾಗಿ ಪ್ಲಿಸ್ಕಾಕ್ಕೆ ಕಳಿಸಿದ.

ಬೋರಿಸ್ ಇವರಿಗಾಗಿ ಕಾಯುತ್ತಿದ್ದವನಂತೆ ಬರಮಾಡಿಕೊಂಡ. ಜನರ ಮಾತು, ಅದಕ್ಕೊಂದು ಲಿಪಿ, ಆ ಲಿಪಿಯಲ್ಲಿ ಪೂಜೆಯ ಪುಸ್ತಕ, ಜೊತೆಗೆ ಕಲಿಸಬಲ್ಲ ಗುರುಗಳು, ಎಲ್ಲ ಒಟ್ಟಿಗೆ ಬಂದಿತ್ತು. ಕ್ಲೆಮೆಂಟ್‌ನನ್ನು ನೈಋತ್ಯಕ್ಕೆ, ಓಹ್ರಿದ್ ಕಡೆಗೆ ಕಳಿಸಿದ. ಏಳು ವರ್ಷದಲ್ಲಿ ಅಲ್ಲಿ 3500 ಮಂದಿಗೆ ಪಾಠ ಹೇಳಿದ ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ಸಂಖ್ಯೆ ಸ್ವಲ್ಪ ಉಬ್ಬಿಸಿದ್ದು ಅಂದುಕೊಂಡರೂ, ಗ್ರೀಕ್ ಪಾದ್ರಿಗಳ ಜಾಗಕ್ಕೆ ಊರಿನ ಹುಡುಗರನ್ನು ತಯಾರು ಮಾಡುವ ಕೆಲಸ ಅದು ಎಂಬುದು ಕಾಣುತ್ತದೆ. ಅವರು ತಂದ ಲಿಪಿ ಗ್ಲಾಗೋಲಿಟಿಕ್, ಬರೆಯೋಕೆ ಸ್ವಲ್ಪ ತೊಡಕು. ಬಲ್ಗೇರಿಯದಲ್ಲೇ, ಗ್ರೀಕ್ ಅಕ್ಷರಗಳನ್ನು ಮುಂದಿಟ್ಟುಕೊಂಡು, ಅದಕ್ಕಿಂತ ಸುಲಭವಾದ ಇನ್ನೊಂದು ಲಿಪಿ ರೂಪುಗೊಂಡಿತು. ಅದೇ ಸಿರಿಲಿಕ್.

ಒಂದು ಅಡ್ಡಿ ಬಾಕಿಯಿತ್ತು. 889ರಲ್ಲಿ ಬೋರಿಸ್ ಗಾದಿ ಬಿಟ್ಟು ಮಠ ಸೇರಿದ. ಹಿರಿಯ ಮಗ ವ್ಲಾದಿಮಿರ್ ಹಳೆಯ ದೇವರುಗಳ ಕಡೆ ತಿರುಗಿದ. 893ರಲ್ಲಿ ಮುದುಕ ಮಠದಿಂದ ಹೊರಬಂದು, ಮಗನ ಕಣ್ಣು ಕೀಳಿಸಿ, ಕಿರಿಯ ಮಗ ಸಿಮಿಯೋನ್‌ನನ್ನು ಕೂರಿಸಿದ. ನೀನೂ ಹಾದಿ ಬಿಟ್ಟರೆ ನಿನಗೂ ಇದೇ ಗತಿ ಎಂದು ಅವನಿಗೆ ಎಚ್ಚರಿಸಿದ ಎಂದು ಜರ್ಮನ್ ಸನ್ಯಾಸಿ ರೆಜಿನೋ ಬರೆಯುತ್ತಾನೆ. ಆ ವರ್ಷವೇ ರಾಜಧಾನಿ ಪ್ಲಿಸ್ಕಾದಿಂದ ಪ್ರೆಸ್ಲಾವ್‌ಗೆ ಹೋಯಿತು, ಚರ್ಚಿನಲ್ಲಿ ಗ್ರೀಕ್ ಜಾಗಕ್ಕೆ ಸ್ಲಾವ್ ಭಾಷೆ ಬಂತು. ತಮಾಷೆ ಅಂದರೆ ಈ ಸಿಮಿಯೋನ್ ಓದಿದ್ದೆಲ್ಲ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಕಲಿತು ಬಂದವನೇ ಬೈಜಾಂಟಿಯಂ ಮೇಲೆ ದಂಡೆತ್ತಿ ಹೋದ. 927ರಲ್ಲಿ, ಅವನ ಮಗನ ಕಾಲದ ಶಾಂತಿ ಒಪ್ಪಂದದಲ್ಲಿ, ಬಲ್ಗೇರಿಯದ ಚರ್ಚಿನ ಮುಖ್ಯಸ್ಥನನ್ನು ಪೇಟ್ರಿಯಾರ್ಕ್ ಎಂದು ಕಾನ್‌ಸ್ಟಾಂಟಿನೋಪಲ್ ಒಪ್ಪಿಕೊಂಡಿತು. ಬೋರಿಸ್ 866ರಲ್ಲಿ ರೋಮನ್ನು ಕೇಳಿದ್ದು ಇದನ್ನೇ.

988ರ ಹೊತ್ತಿಗೆ ಕೀವ್‌ನ ರಾಜ ಕ್ರೈಸ್ತನಾದಾಗ, ಸಿದ್ಧವಾದ ಪುಸ್ತಕ, ಸಿದ್ಧವಾದ ಲಿಪಿ, ಸಿದ್ಧವಾದ ಪೂಜಾವಿಧಿ ಬಲ್ಗೇರಿಯದಿಂದ ಅಲ್ಲಿಗೆ ಹೋದವು. ರಷ್ಯಾ, ಉಕ್ರೇನ್, ಬೆಲಾರುಸ್, ಸೆರ್ಬಿಯಗಳಲ್ಲಿ ಸಿರಿಲಿಕ್ ಇರುವುದಕ್ಕೆ ಬೇರು ಇಲ್ಲಿದೆ. ಅತ್ತ ಮೊರಾವಿಯ, ಪೋಲೆಂಡ್, ಹಂಗೇರಿ ಲ್ಯಾಟಿನ್ ಕಡೆ ನಿಂತವು. 1000ರ ಆಸುಪಾಸಿನಲ್ಲಿ ಪೋಲೆಂಡಿಗೆ ಗ್ನೀಜ್ನೋದಲ್ಲಿ, ಹಂಗೇರಿಗೆ ಎಸ್ತರ್‌ಗೋಮ್‌ನಲ್ಲಿ ಅವರವರದೇ ಆರ್ಚ್‌ಬಿಷಪ್ ಗಾದಿಗಳನ್ನು ರೋಮ್ ಕೊಟ್ಟಿತು. ಬೋರಿಸ್‌ಗೆ ಕೊಡಲು ಹಿಂದೆಮುಂದೆ ನೋಡಿದ್ದನ್ನೇ!

ಹಾಗಾದರೆ ನಿಕೋಲಸ್ ಅಂದು ಫಾರ್ಮೋಸಸ್‌ನನ್ನು ಕೊಟ್ಟುಬಿಟ್ಟಿದ್ದರೆ? ಬಲ್ಗೇರಿಯ ಖಂಡಿತ ಲ್ಯಾಟಿನ್ ನಾಡಾಗುತ್ತಿತ್ತು ಎಂದು ನಾನು ಹೇಳಲಾರೆ. ಹಡಗು, ಸೈನ್ಯ, ವ್ಯಾಪಾರ ಎಲ್ಲ ಕಾನ್‌ಸ್ಟಾಂಟಿನೋಪಲ್‌ನ ಪಕ್ಷದಲ್ಲಿದ್ದವು, 864ರಲ್ಲಿ ಬೋರಿಸ್ ಬಗ್ಗಿದ್ದೂ ಅದಕ್ಕೇ. ಆದರೆ ಭೂಗೋಳವೇ ಎಲ್ಲ ತೀರ್ಮಾನಿಸಿತು ಎನ್ನುವುದನ್ನೂ ಒಪ್ಪಲಾರೆ. ಅಷ್ಟು ಹತ್ತಿರ ಇದ್ದೂ ಬೋರಿಸ್ ಮೂರು ನಾಲ್ಕು ವರ್ಷ ರೋಮಿನ ಜೊತೆಗಿದ್ದ, ಕಾನ್‌ಸ್ಟಾಂಟಿನೋಪಲ್ ಅವನನ್ನು ವಾಪಸ್ ಪಡೆದದ್ದು ಯುದ್ಧ ಮಾಡಿ ಅಲ್ಲ.

ಮತ್ತೆ ಗೆರೆ ಆಗಲೇ ಗಟ್ಟಿಯಾಗಿಬಿಟ್ಟಿತು ಎಂದೂ ಅಂದುಕೊಳ್ಳಬೇಡಿ. 1018ರಲ್ಲಿ ಎರಡನೇ ಬೆಸಿಲ್ ಬಲ್ಗೇರಿಯವನ್ನು ಗೆದ್ದು ಪೇಟ್ರಿಯಾರ್ಕನ ಗಾದಿಯನ್ನು ಓಹ್ರಿದ್‌ನ ಆರ್ಚ್‌ಬಿಷಪ್ ಗಾದಿಯ ಮಟ್ಟಕ್ಕೆ ಇಳಿಸಿದ. ಮುಂದೆ ಮತ್ತೆ ಸ್ವತಂತ್ರವಾದ ಬಲ್ಗೇರಿಯದ ರಾಜ ಕಲೋಯನ್ ಮಾಡಿದ್ದೇನು ಗೊತ್ತಾ? ಬೋರಿಸ್‌ನ ಹಳೇ ಪಟ್ಟು. ಪೋಪ್ ಮೂರನೇ ಇನ್ನೊಸೆಂಟ್ ಜೊತೆ ಪತ್ರವ್ಯವಹಾರ ಮಾಡಿ, 1204ರಲ್ಲಿ ಪೋಪ್ ಕಳಿಸಿದ ಕಾರ್ಡಿನಲ್ ಕೈಯಿಂದ ಕಿರೀಟ ಹಾಕಿಸಿಕೊಂಡ. ಅದೇ ವರ್ಷ ಪಶ್ಚಿಮದ ಶಿಲುಬೆ ಯೋಧರು ಕಾನ್‌ಸ್ಟಾಂಟಿನೋಪಲ್ ಅನ್ನು ಲೂಟಿ ಮಾಡಿ ಅಲ್ಲಿ ತಮ್ಮದೇ ಲ್ಯಾಟಿನ್ ಚಕ್ರವರ್ತಿಯನ್ನು ಕೂರಿಸಿದ್ದರು. 1205ರಲ್ಲಿ ಆಡ್ರಿಯಾನೋಪಲ್ ಬಳಿ ಕಲೋಯನ್ ಆ ಲ್ಯಾಟಿನ್ ಚಕ್ರವರ್ತಿ ಬಾಲ್ಡ್‌ವಿನ್‌ನನ್ನು ಸೋಲಿಸಿ ಸೆರೆಹಿಡಿದ. ರೋಮಿನ ಜೊತೆಗಿನ ಆ ನಂಟು 1235ರವರೆಗೆ ಎಳೆಯಿತು, ಆಮೇಲೆ ಪೂರ್ವದ ಪೇಟ್ರಿಯಾರ್ಕರು ಬಲ್ಗೇರಿಯದ ಪೇಟ್ರಿಯಾರ್ಕ್ ಪದವಿಯನ್ನು ಮತ್ತೆ ಮಾನ್ಯ ಮಾಡಿದರು, ಬಲ್ಗೇರಿಯ ಅವರ ಕಡೆಗೇ ಹೋಯಿತು.